ಎತೆಲ್ಕಾ ನೇನಿ ಹತ್ತದ ರೈಲು

ಎತೆಲ್ಕಾ ನೇನಿಗೆ ರೈಲ್ವೆಯಲ್ಲಿ ಒಬ್ಬ ಪ್ರಿಯಕರನಿದ್ದಾನೆ ಎಂದು ನಾನು ಒಂದು ಇಡೀ ಚಳಿಗಾಲ ನಂಬಿಕೊಂಡಿದ್ದೆ.

ನಂಬದೆ ಇನ್ನೇನು ಮಾಡಲಿ? ಭಾನುವಾರ ಬಂತೆಂದರೆ ಅವರು ಬೆಳಗ್ಗೆಯೇ ಎದ್ದು ಹಂದಿಮಾಂಸದ ತೆಳ್ಳನೆಯ ತುಂಡುಗಳನ್ನು ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುತ್ತಿದ್ದರು. ಮನೆಯೆಲ್ಲ ಘಮಘಮ. ಕರಿದದ್ದನ್ನು ಬ್ರೆಡ್ಡಿನ ನಡುವೆ ಇಟ್ಟು, ಉಪ್ಪುನೀರಿನಲ್ಲಿ ಹುಳಿ ಬರಿಸಿದ ಸೌತೆಕಾಯಿ ಸೇರಿಸಿ, ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಇಳಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಬಾಯಲ್ಲಿ ನೀರೂರಿಸಿಕೊಂಡು ಬಿದ್ದಿರುತ್ತಿದ್ದ ನನಗೆ ಒಂದು ಚೂರೂ ಇಲ್ಲ. ಆಮೇಲೆ ತುಟಿಗೆ ಬಣ್ಣ, ಮೈಮೇಲೆ ಕಡುನೀಲಿ ಕೋಟು. ಕನ್ನಡಿ ನೋಡಿಕೊಂಡು ಬಾಗಿಲಿಗೆ ಹೋಗುವುದು, ಮತ್ತೆ ವಾಪಸ್ ಬಂದು ಕನ್ನಡಿ ನೋಡಿಕೊಳ್ಳುವುದು. ಒಂದನೇ ನಂಬರಿನ ಟ್ರಾಮ್ ಹತ್ತಿ ರೈಲು ನಿಲ್ದಾಣಕ್ಕೆ. ಮಧ್ಯಾಹ್ನಕ್ಕೆ ಮನೆಗೆ. ಬರುವಾಗ ಚೀಲ ಖಾಲಿ, ತುಟಿಯ ಬಣ್ಣವೂ ಮಾಯ. ಎಪ್ಪತ್ತರ ಹತ್ತಿರದ ವಿಧವೆಯೊಬ್ಬರು ವಾರವಾರ ಹೀಗೆ ಮಾಡುತ್ತಿದ್ದರೆ ಯಾರಾದರೂ ಏನೆಂದುಕೊಳ್ಳಬೇಕು?

ನಾನಂತೂ ಆ ಪ್ರಿಯಕರನನ್ನು ಪೂರ್ತಿ ತಯಾರು ಮಾಡಿಟ್ಟುಕೊಂಡಿದ್ದೆ. ದಪ್ಪ ಮೀಸೆ, ರೈಲ್ವೆ ಟೋಪಿ, ದೊಡ್ಡ ಹೊಟ್ಟೆ. ಅಷ್ಟು ಕರಿದ ಮಾಂಸ ತಿನ್ನುವವನಿಗೆ ಹೊಟ್ಟೆ ಇರಲೇಬೇಕಲ್ಲ. ಕಾಲ್ಮಾನ್ ಎಂದು ಹೆಸರನ್ನೂ ಇಟ್ಟಿದ್ದೆ. ಮಾರ್ಚ್ ತಿಂಗಳ ಒಂದು ಭಾನುವಾರ ನಾಲಿಗೆ ತಡೆಯಲಿಲ್ಲ.

"ನೇನಿ, ಕಾಲ್ಮಾನ್ ಅವರಿಗೆ ನಾನೂ ಕೇಳ್ದೆ ಅಂತ ಹೇಳಿ."

"ಯಾವ ಕಾಲ್ಮಾನ್?"

"ಅದೇ, ಸ್ಟೇಷನ್ನಲ್ಲಿ ನಿಮ್ಮ ಮಾಂಸದ ಬ್ರೆಡ್ ತಿನ್ನೋರು."

ಎತೆಲ್ಕಾ ನೇನಿ ಕನ್ನಡಕ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಹೊಲಿಗೆ ಬಿಚ್ಚಿಹೋದ ಪ್ಯಾಂಟನ್ನು ನೋಡುವ ಹಾಗೆ.

"ಅದನ್ನ ತಿನ್ನೋದು ನಾನು ಕಣೋ, ಕತ್ತೆ. ಬೆಂಚಿನ ಮೇಲೆ ಕೂತ್ಕೊಂಡು. ಒಬ್ಬಳೇ. ಶೂ ಹಾಕ್ಕೊಂಡು ಬಾ, ನಿನ್ನ ಕಾಲ್ಮಾನ್‌ನ ತೋರಿಸ್ತೀನಿ."

ಹೋಗುವ ಮೊದಲು ನಾನು ಅವರ ಮನೆಗೆ ಹೇಗೆ ಬಂದು ಸೇರಿದೆ ಎಂಬುದನ್ನು ಹೇಳಿಬಿಡಬೇಕು. ನನ್ನ ಹೆಸರು ಆಕೋಶ್. ಕೆಲಸ ಹುಡುಕಿಕೊಂಡು ಹಳ್ಳಿಯಿಂದ ದೆಬ್ರೆತ್ಸೆನ್‌ಗೆ ಬಂದವನು. ಈಗ ಒಂದು ಮೊಬೈಲ್ ಅಂಗಡಿಯಲ್ಲಿ ಫೋನಿನ ಮುಖಕ್ಕೆ ಗಾಜು ಅಂಟಿಸುತ್ತೇನೆ. ಗುಳ್ಳೆ ಬಾರದ ಹಾಗೆ ಅಂಟಿಸುವುದೇ ಈ ವೃತ್ತಿಯ ಮರ್ಮ. ನನ್ನ ಗಾಜುಗಳಲ್ಲಿ ಗುಳ್ಳೆ ಬರುತ್ತದೆ. ಎತೆಲ್ಕಾ ನೇನಿಯ ಮನೆಯ ಚಿಕ್ಕ ಕೋಣೆಯಲ್ಲಿ ನನ್ನ ವಾಸ. ನೇನಿ ಎಂಬುದು ನಮ್ಮಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಕರೆಯುವ ಮಾತು. ಅದನ್ನು ಸೇರಿಸದೆ ಬರೀ ಹೆಸರು ಹಿಡಿದು ಕರೆದ ಹುಡುಗನಿಗೆ ಊಟ ಸಿಗುವುದಿಲ್ಲ.

ನಮ್ಮ ಹತ್ತು ಮಹಡಿಯ ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಅಂಗಡಿ. ಹೊಸ ಬಟ್ಟೆ ಹೊಲಿಯುವುದನ್ನು ಯಾವಾಗಲೋ ಬಿಟ್ಟಿದ್ದಾರೆ. ಜಿಪ್ ಬದಲಾಯಿಸುವುದು, ಅಂಚು ಮಡಿಸುವುದು, ಸೊಂಟ ಸಡಿಲಿಸುವುದು, ಇಷ್ಟೇ. ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. "ಜಿಪ್ ಕೆಟ್ಟಿದೆ" ಎಂದು ಯಾರಾದರೂ ಸ್ಕರ್ಟು ತಂದರೆ ಒಂದು ಸಲ ಎಳೆದು ನೋಡಿ, "ಜಿಪ್ ಚೆನ್ನಾಗೇ ಇದೆಯಮ್ಮಾ, ನೀನು ಬೆಳೆದಿದ್ದೀಯ" ಎನ್ನುತ್ತಾರೆ. ಆ ಹೆಂಗಸು ಮುಖ ಊದಿಸಿಕೊಂಡು ಹೋಗುತ್ತಾಳೆ, ಮುಂದಿನ ತಿಂಗಳು ಇನ್ನೊಂದು ಸ್ಕರ್ಟು ಹಿಡಿದುಕೊಂಡು ಬರುತ್ತಾಳೆ. ನಮ್ಮ ಬೀದಿಯಲ್ಲಿ ಅಷ್ಟು ಚೆನ್ನಾಗಿ ಸೊಂಟ ಸಡಿಲಿಸುವವರು ಬೇರೆ ಯಾರಿದ್ದಾರೆ?

ಬಂದ ಮೊದಲ ವರ್ಷ ಸಿಕ್ಕಿದ್ದ ಗೋದಾಮಿನ ಕೆಲಸ ಕೈತಪ್ಪಿದಾಗ ನಾನು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದೆ. ನೇನಿ ಬಾಗಿಲು ತಟ್ಟಲಿಲ್ಲ, ನೇರ ಒಳಗೆ ಬಂದರು. ಕೈಯಲ್ಲಿ ತೀರಿಹೋದ ಗಂಡನ ಕೋಟು, ಬಾಯಲ್ಲಿ ಗುಂಡುಸೂಜಿಗಳು. "ಎದ್ದೇಳು, ಕೈ ಎತ್ತು." ಎದ್ದೆ, ಎತ್ತಿದೆ. "ಭುಜಾನೇ ಇಲ್ವಲ್ಲೋ ನಿಂಗೆ. ಇದು ಹ್ಯಾಂಗರಿಗೆ ಕೋಟು ಹೊಲಿದ ಹಾಗೆ." ಆದರೂ ಹೊಲಿದರು. ಆ ಕೋಟು ತೊಟ್ಟುಕೊಂಡು ಹೋಗಿ ಈಗಿನ ಕೆಲಸ ಗಿಟ್ಟಿಸಿದೆ. ಸಂದರ್ಶನ ಮಾಡಿದವರು ನನ್ನನ್ನು ಕೇಳಿದ್ದಕ್ಕಿಂತ ಕೋಟನ್ನು ಎಲ್ಲಿ ಹೊಲಿಸಿದೆ ಎಂದು ಕೇಳಿದ್ದೇ ಹೆಚ್ಚು. ಬಂದು ಗದ್ಗದನಾಗಿ ಧನ್ಯವಾದ ಹೇಳಲು ಬಾಯಿ ತೆರೆದರೆ ನೇನಿ, "ಸೂಪ್ ಆರ್ತಾ ಇದೆ. ತಿಂದು ತಟ್ಟೆ ತೊಳಿ" ಎಂದರು. ಅವರೆದುರು ಧನ್ಯವಾದ ಹೇಳುವುದು ಕಷ್ಟ. ಅವರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಚಾಕಲೇಟು ತಂದುಕೊಟ್ಟರೆ "ಅಲ್ಲಿಡು" ಎನ್ನುತ್ತಾರೆ, ಅಷ್ಟೇ.

ಈಗ ನಿಲ್ದಾಣಕ್ಕೆ ಬರೋಣ. ನೇನಿ ನನ್ನನ್ನು ಪ್ಲಾಟ್‌ಫಾರಂನ ಒಂದು ಬೆಂಚಿನ ಮೇಲೆ ಕೂರಿಸಿದರು. ಎದುರಿಗೆ ಪೆಶ್ತ್‌ಗೆ ಹೋಗುವ ಇಂಟರ್‌ಸಿಟಿ ನಿಂತಿತ್ತು. ನಮ್ಮ ರಾಜಧಾನಿ ಬುಡಾಪೆಸ್ಟನ್ನು ಪೂರ್ವದ ಕಡೆಯ ನಾವು ಬರೀ ಪೆಶ್ತ್ ಎನ್ನುತ್ತೇವೆ. ಜನ ಹತ್ತಿದರು, ಬಾಗಿಲು ಮುಚ್ಚಿತು, ರೈಲು ಹೊರಟಿತು. ನೇನಿ ಕಾಗದ ಬಿಚ್ಚಿ, ಬ್ರೆಡ್ಡನ್ನು ಮುರಿದು ಅರ್ಧ ನನಗೆ ಕೊಟ್ಟರು.

"ನೋಡಿದ್ಯಲ್ಲ ಕಾಲ್ಮಾನ್‌ನ?"

"ಇದೇನು ನೇನಿ? ರೈಲು ನೋಡೋಕ್ ಬರ್ತೀರಾ?"

"ಹತ್ತೋಕ್ ಬರ್ತೀನಿ," ಎಂದರು. "ಹತ್ತಲ್ಲ."

ಆಮೇಲೆ ಸೌತೆಕಾಯಿ ಕಚ್ಚುತ್ತ, ಜಿಪ್ಪಿನ ವಿಷಯ ಹೇಳುವ ಧ್ವನಿಯಲ್ಲೇ ಎಲ್ಲವನ್ನೂ ಹೇಳಿದರು. ಪೆಶ್ತ್‌ನಲ್ಲಿ ಅವರಿಗೆ ಒಬ್ಬ ಅಕ್ಕ ಇದ್ದಾರೆ, ಮಾರ್ಗಿತ್. ಇವರು ಚಿಕ್ಕವರಿದ್ದಾಗ ತಾಯಿ ತೀರಿಕೊಂಡರು. ಅಪ್ಪ ಇದ್ದೂ ಇಲ್ಲದಂತಿದ್ದವರು. ಅಕ್ಕ ಓದು ಬಿಟ್ಟು ಉಡುಪಿನ ಕಾರ್ಖಾನೆ ಸೇರಿ ತಂಗಿಯನ್ನು ಸಾಕಿದರು. ಹೊಲಿಗೆ ಕಲಿಸಿದವರೂ ಅವರೇ. ಜಡೆ ಹಾಕಿದರು, ಜ್ವರ ಬಂದಾಗ ರಜೆ ಹಾಕಿ ಪಕ್ಕ ಕೂತರು. ತಂಗಿಯ ಮದುವೆ ಮಾಡಿ ಮುಗಿಸಿದ ಮೇಲೆಯೇ ತಾವು ಮದುವೆಯಾಗಿ ಪೆಶ್ತ್‌ಗೆ ಹೋದರು.

"ಆಮೇಲೆ ಜಗಳ ಹೇಗಾಯ್ತು?"

"ಅವಳ ಮಗಳ ಮದುವೇಲಿ. ಮದುಮಗಳ ಬಟ್ಟೆ ನಾನೇ ಹೊಲಿದಿದ್ದೆ. ಊಟಕ್ಕೆ ಕೂತಾಗ ಎಲ್ರೂ 'ನೀನೂ ಒಂದು ಮಾತು ಹೇಳು' ಅಂತ ಗ್ಲಾಸು ಕೈಗೆ ಕೊಟ್ರು. ಹೇಳ್ದೆ."

"ಏನಂತ?"

"'ಬಟ್ಟೆ ನಾನು ಹೊಲಿದದ್ದು, ಅದು ಬಾಳಿಕೆ ಬರುತ್ತೆ. ಗಂಡಿಗೆ ನಾನು ಗ್ಯಾರಂಟಿ ಕೊಡಲ್ಲ' ಅಂತ."

ನನ್ನ ಗಂಟಲಲ್ಲಿ ಬ್ರೆಡ್ ಸಿಕ್ಕಿಕೊಂಡಿತು. ನೇನಿ ಬೆನ್ನಿಗೆ ಗುದ್ದಿದರು.

"ಕೆಮ್ಮಬೇಡ. ಎರಡು ವರ್ಷ ತುಂಬೋಕೆ ಮುಂಚೆ ಅವನು ಓಡಿಹೋದ. ನಾನು ಹೇಳಿದ್ದು ಸುಳ್ಳಾಗಿದ್ರೆ ಮಾರ್ಗಿತ್ ಕ್ಷಮಿಸ್ತಿದ್ಲೋ ಏನೋ. ನಿಜ ಆಗ್ಬಿಡ್ತಲ್ಲ. 'ಎಲ್ಲಾ ನಿನ್ನ ಬಾಯಿಂದಲೇ ಆಗಿದ್ದು' ಅಂತ ಫೋನ್ ಇಟ್ಟವಳು ಮತ್ತೆ ಎತ್ತಿಲ್ಲ. ಅವಳ ಗಂಡ ಸತ್ತಾಗ್ಲೂ ನಂಗೆ ಬೇರೆಯವರಿಂದ ಗೊತ್ತಾಯ್ತು, ಅದೂ ಮಣ್ಣಾದ್ಮೇಲೆ."

ಬಟ್ಟೆ ಈಗಲೂ ಚೆನ್ನಾಗಿದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನಗೂ ಅಷ್ಟಿಷ್ಟು ಬುದ್ಧಿ ಇದೆ.

ಆ ದಿನದಿಂದ ಅವರ ಪ್ರಯಾಣದ ಯೋಜನೆಗೆ ನಾನು ಕಾರ್ಯದರ್ಶಿಯಾದೆ. ನೇನಿಯ ಬಳಿ ಯೋಜನೆಗಳಿಗೆ ಯಾವ ಕೊರತೆಯೂ ಇರಲಿಲ್ಲ, ನೆಪಗಳಿಗೂ ಇರಲಿಲ್ಲ. ಅರವತ್ತೈದು ದಾಟಿದವರಿಗೆ ರೈಲು ಪುಕ್ಕಟೆ, ಆದರೆ ಇಂಟರ್‌ಸಿಟಿಯಲ್ಲಿ ಸೀಟಿನ ಚೀಟಿ ಮಾತ್ರ ಎಲ್ಲರೂ ತೆಗೆದುಕೊಳ್ಳಲೇಬೇಕು. ನೆಪವೆಲ್ಲ ಆ ಸೀಟಿನ ಸುತ್ತಲೇ. ಒಂದು ವಾರ ಸೀಟು ಹಿಮ್ಮುಖವಾಗಿದೆ, ತಲೆ ಸುತ್ತುತ್ತದೆ. ಮತ್ತೊಂದು ವಾರ ಕಿಟಕಿ ಬಿಸಿಲಿನ ಕಡೆಗಿದೆ. ಇನ್ನೊಂದು ವಾರ ಪಕ್ಕದ ಸೀಟಿನವನಿಗೆ ಶೀತವಾಗಿದೆ, ಬೆಂಚಿನಿಂದಲೇ ಕಾಣುತ್ತಿದೆ.

ಏಪ್ರಿಲ್‌ನಲ್ಲಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರು ನೋಡುತ್ತ ನನಗೊಂದು ಉಪಾಯ ಹೊಳೆಯಿತು. ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಕೆಳಗೂ ಒಂದೊಂದು ಹೆಸರು ಅಚ್ಚಾಗಿರುತ್ತದೆ. ಆ ಹೆಸರಿನವರಿಗೆಲ್ಲ ಅಂದು ಹಬ್ಬ. ಹುಟ್ಟಿದ ದಿನಕ್ಕಾದರೆ ಕರೆದವರು ಮಾತ್ರ ಹೋಗಬೇಕು. ಹೆಸರಿನ ದಿನಕ್ಕೆ ಕರೆಯುವ ಪದ್ಧತಿಯೇ ಇಲ್ಲ. ಹೆಸರಿನವರು ತಿಂಡಿ ಮಾಡಿಟ್ಟುಕೊಂಡು ಮನೆಯಲ್ಲಿರಬೇಕು, ಬಾಗಿಲು ತಟ್ಟಿದವರು ಯಾರೇ ಆಗಲಿ ಒಳಗೆ ಕರೆದು ಕೂರಿಸಬೇಕು. ನಮ್ಮ ಹಳ್ಳಿಯಲ್ಲಿ ವರ್ಷವಿಡೀ ಮಾತಾಡದ ಬೇಲಿಜಗಳದ ನೆರೆಯವನೂ ಅಂದು ನಮ್ಮಪ್ಪನ ಕೈ ಕುಲುಕಿ, ಹಣ್ಣಿನ ಸಾರಾಯಿ ಕುಡಿದು ಹೋಗುತ್ತಿದ್ದ. ಮಾರನೆಯ ದಿನ ಬೇಲಿ ಮತ್ತೆ ಶುರು.

"ನೇನಿ, ಜೂನ್ ಹತ್ತಕ್ಕೆ ಮಾರ್ಗಿತ್ ದಿನ. ಅವತ್ತು ಹೋಗೋಣ. ಅವರು ನಿಮ್ಮನ್ನ ಹೊರಗೆ ನಿಲ್ಲಿಸೋ ಹಾಗೇ ಇಲ್ಲ."

ನೇನಿ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕ್ಯಾಲೆಂಡರ್ ಓದೋಕೆ ನಂಗೂ ಬರುತ್ತೆ."

"ಮತ್ತೆ ಅವತ್ತು ಯಾಕೆ ಹೋಗ್ಲಿಲ್ಲ ಇಷ್ಟು ವರ್ಷ?"

"ಅವತ್ತು ಬಾಗಿಲು ತೆಗೀತಾಳಲ್ಲ, ಅದಕ್ಕೇ."

ಆಲೂಗಡ್ಡೆಯ ಸಿಪ್ಪೆ ಉದ್ದಕ್ಕೆ, ಎಲ್ಲೂ ತುಂಡಾಗದೆ ಇಳಿಯುತ್ತಿತ್ತು. ಅದರ ಮೇಲೇ ಕಣ್ಣಿಟ್ಟು ಹೇಳಿದರು.

"ಅವಳಿಗೆ ಎಂಬತ್ತು ಹತ್ತಿರ ಬಂತು. ಜಡೆ ಹಾಕಿದವಳಿಗೆ, ಅನ್ನ ಹಾಕಿದವಳಿಗೆ ನಾನು ಒಂದ್ಸಲ ಕೂಡ ಬಾಯ್ಬಿಟ್ಟು ಏನೂ ಹೇಳಿಲ್ಲ. ಗೊತ್ತಿರುತ್ತೆ ಬಿಡು ಅನ್ಕೊಂಡಿದ್ದೆ. ಅವಳಿಗೆ ಗೊತ್ತಿರೋದು ನಾನು ಮದುವೇಲಿ ಆಡಿದ ಮಾತು ಒಂದೇ." ಚಾಕು ಕೆಳಗಿಟ್ಟರು. "ಸೀಟು ಮುಂದಕ್ಕೆ ಮುಖ ಇರೋದು ಸಿಗುತ್ತಾ ನೋಡು. ನೀನೂ ಬರ್ಬೇಕು."

ಹಾಗೆ ನಿಜವಾದ ತಯಾರಿ ಶುರುವಾಯಿತು. ನಾನು ಫೋನಿನಲ್ಲಿ ಅಕ್ಕಪಕ್ಕದ ಎರಡು ಸೀಟು ತೆಗೆದೆ. ಸೀಟು ಯಾವ ಕಡೆಗೆ ಮುಖ ಮಾಡಿದೆ ಎಂಬುದು ಆ ನಕ್ಷೆಯಿಂದ ಗೊತ್ತಾಗುವುದಿಲ್ಲ. ರೈಲನ್ನು ಅವರು ಯಾವ ತುದಿಯಿಂದ ಎಳೆಯುತ್ತಾರೋ ದೇವರೇ ಬಲ್ಲ. ಆದರೂ ಫೋನ್ ಅಂಗಡಿಯವನ ಗತ್ತಿನಲ್ಲಿ "ಮುಂದಕ್ಕೇ ಇದೆ ನೇನಿ" ಎಂದುಬಿಟ್ಟೆ. ಅವರು ನಂಬಿದರು. ನನ್ನನ್ನು ನಂಬುವವರು ಪ್ರಪಂಚದಲ್ಲಿ ಕಡಿಮೆ, ಹಾಗಾಗಿ ಅದು ಮನಸ್ಸಿಗೆ ಸ್ವಲ್ಪ ಚುಚ್ಚಿತು.

ಅಕ್ಕನಿಗೆ ಇಷ್ಟವಾದ ಹುಳಿ ಚೆರ್ರಿಯ ಕೇಕು ಮಾಡುವುದೆಂದು ತೀರ್ಮಾನವಾಯಿತು. ಮೊದಲು ಮಾಡಿ ನೋಡಿದ್ದನ್ನೆಲ್ಲ ನಾನೇ ತಿಂದೆ. ಒಂದರಲ್ಲಿ ಸಕ್ಕರೆ ಹೆಚ್ಚು, ಒಂದರಲ್ಲಿ ತಳ ಒದ್ದೆ. ನನ್ನ ಅಭಿಪ್ರಾಯದಲ್ಲಿ ಎಲ್ಲವೂ ಅಮೃತ. "ನಿನ್ನ ನಾಲಿಗೆ ಕಸದಬುಟ್ಟಿ" ಎಂದರು. ಹೂವು ಯಾವುದು, ಎಷ್ಟು ಎಂಬುದರ ಮೇಲೂ ಚರ್ಚೆ ನಡೆಯಿತು. ಹೂವು ಬೆಸವಾಗಿರಬೇಕು, ಸಮವಾದರೆ ಸಮಾಧಿಗೆ ಎಂಬುದು ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ನೇನಿ ಮಾತ್ರ ಹೂವಿನ ಅಂಗಡಿಯವಳಿಗೂ ಹೇಳಿಕೊಟ್ಟು ಬಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಮಾತಿನ ತಾಲೀಮು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅಡುಗೆಮನೆಯಲ್ಲಿ ನಾನು ಮಾರ್ಗಿತ್ ನೇನಿಯ ಪಾತ್ರ ವಹಿಸುತ್ತಿದ್ದೆ. ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದೆ.

"ಯಾರು ಬೇಕಾಗಿತ್ತು?"

"ಮಾರ್ಗಿತ್, ನಿನ್ನ ಹೆಸರಿನ ದಿನಕ್ಕೆ ಶುಭಾಶಯ. ದೇವರು ನಿನಗೆ... ಏನು ಕೊಡ್ಲಿ? ಆರೋಗ್ಯ. ಆ ಟವೆಲ್ ತೆಗಿಯೋ, ಕೋಳಿ ಹಾಗೆ ಕಾಣ್ತೀಯ."

"ಅದನ್ನ ಹೇಳಬೇಡಿ ನೇನಿ! ಮುಂದಿನದು ಹೇಳಿ. ಧನ್ಯವಾದ ಹೇಳಿ."

"ಬರುತ್ತೆ, ಬರುತ್ತೆ," ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಆ ಪದದ ಹತ್ತಿರ ಬಂದಾಗಲೆಲ್ಲ ಅವರ ಕಣ್ಣು ಎಲ್ಲೋ ಹರಿದು, ಪರದೆಯ ಅಂಚು ಸೊಟ್ಟಗಿರುವುದು ಕಾಣಿಸುತ್ತಿತ್ತು. ಕೊನೆಗೆ ಒಪ್ಪಂದವಾಯಿತು. ಶುಭಾಶಯ ಹೇಳುವುದು, ಹೂವು ಕೊಡುವುದು, ಕೇಕು ಕೊಡುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು. ಉಳಿದದ್ದು ತಾನಾಗಿಯೇ ಬರಬೇಕು. "ಮದುವೆ ವಿಷಯ?" ಎಂದೆ. "ಮದುವೆ ವಿಷಯ ಎತ್ತಲ್ಲ. ಎತ್ತಿದ್ರೆ ನೀನು ನನ್ನ ಕಾಲು ತುಳಿ."

ಜೂನ್ ಹತ್ತರಂದು ನಾನು ರಜೆ ಹಾಕಿದೆ. ಕೋಟು ತೊಟ್ಟೆ. ನಿಲ್ದಾಣದಲ್ಲಿ ಅವರು ಎಂದಿನ ಬೆಂಚಿನ ಕಡೆಗೇ ನಡೆದರು, ನಾನು ತೋಳು ಹಿಡಿದು ಬೋಗಿಯ ಕಡೆಗೆ ತಿರುಗಿಸಿದೆ. ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತರು. ಹಿಂದಿನಿಂದ ಒಬ್ಬ ಸೈನಿಕ, "ಹತ್ತಿ ನೇನಿ, ನಮಗೂ ಊರು ಸೇರ್ಬೇಕು" ಎಂದ. ಹತ್ತಿದರು.

ರೈಲು ಹೊರಟಿತು, ಹಿಂದಕ್ಕೆ. ಅಂದರೆ ನಮ್ಮ ಸೀಟಿಗೆ ಹಿಂದಕ್ಕೆ. ದೆಬ್ರೆತ್ಸೆನ್ ನಮ್ಮ ಮುಖದೆದುರು ಚಿಕ್ಕದಾಗುತ್ತ ಹೋಯಿತು. ನೇನಿ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ ಹೇಳಿದರು:

"ಮುಂದಕ್ಕೇ ಇದೆ ಅಂದೆ."

"ತಪ್ಪಾಯ್ತು ನೇನಿ."

"ಇರ್ಲಿ ಬಿಡು. ಎಲ್ಲಿಗೆ ಹೋಗ್ತಿದೀನಿ ಅಂತ ಕಾಣದಿದ್ರೇ ಒಳ್ಳೇದು."

ಬಯಲು ಹರಡಿಕೊಂಡಿತ್ತು. ಸೂರ್ಯಕಾಂತಿ ಇನ್ನೂ ಹೂಬಿಟ್ಟಿರಲಿಲ್ಲ. ರೈಲು ಹೊರಟ ತಕ್ಷಣ ಬೋಗಿಯವರೆಲ್ಲ, ಎಷ್ಟೋ ದಿನಗಳಿಂದ ಅನ್ನ ಕಾಣದವರಂತೆ, ಪೊಟ್ಟಣ ಬಿಚ್ಚಿ ತಿನ್ನತೊಡಗಿದರು. ನೇನಿ ಮಾತ್ರ ತಿನ್ನಲಿಲ್ಲ. ಕೇಕಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. ಪ್ರತಿ ನಿಲ್ದಾಣದಲ್ಲೂ, "ಇಲ್ಲಿಂದ ವಾಪಸ್ ಹೋಗೋಕೆ ರೈಲು ಇರುತ್ತಲ್ವಾ?" ಎಂದು ಕೇಳುತ್ತಿದ್ದರು, ಹವೆಯ ವಿಷಯ ಕೇಳುವ ಹಾಗೆ. ಸೊಲ್ನೊಕ್ ಬಂದಾಗ ಕೇಳಲಿಲ್ಲ. ಎದ್ದೇ ನಿಂತರು. ಡಬ್ಬಿ ಒಂದು ಕೈಯಲ್ಲಿ, ಹೂವು ಇನ್ನೊಂದರಲ್ಲಿ.

"ನೇನಿ, ಕೂತ್ಕೊಳಿ."

"ನನಗೆ ಆಗಲ್ಲ ಆಕೋಶ್. ಅವಳು ಬಾಗಿಲು ತೆಗೆದ್ರೆ ನಾನೇನು ಹೇಳ್ಲಿ? ಪರದೆ ಸೊಟ್ಟಗಿದೆ ಅಂತೀನಿ. ನಂಗೊತ್ತು ನನ್ನ ಬಾಯಿ."

"ಅಂದ್ರೆ ಅನ್ನಿ. ನನಗೆ ಭುಜ ಇಲ್ಲ ಅಂದ್ರಿ. ನಾನು ಬದುಕಿದೀನಲ್ಲ?"

ಅವರು ಹೆಜ್ಜೆ ಎತ್ತುವಷ್ಟರಲ್ಲಿ ಕಂಡಕ್ಟರ್ ಬಂದು ದಾರಿಗೆ ಅಡ್ಡ ನಿಂತಳು. ಕಡ್ಡಿಯಂಥ ಹೆಣ್ಣು, ಮೀಸೆಯೂ ಇಲ್ಲ, ಹೊಟ್ಟೆಯೂ ಇಲ್ಲ. "ಗುರುತಿನ ಚೀಟಿ ತೋರಿಸಿ ನೇನಿ, ಸೀಟಿನ ಚೀಟಿ ಯಾರ ಹತ್ರ ಇದೆ?" ಎರಡೂ ಕೈ ತುಂಬಿದ್ದ ನೇನಿ ಗುರುತಿನ ಚೀಟಿ ತೆಗೆಯಬೇಕಾದರೆ ಕೂರಲೇಬೇಕಾಯಿತು. ಕೂತರು, ಡಬ್ಬಿ ನನಗೆ ಕೊಟ್ಟರು, ಕೈಚೀಲ ತೆರೆದರು, ಕನ್ನಡಕ ಹುಡುಕಿದರು. ಅಷ್ಟರಲ್ಲಿ ರೈಲು ನಿಲ್ದಾಣವನ್ನೂ ಊರನ್ನೂ ಹಿಂದೆ ಬಿಟ್ಟಿತ್ತು. ಆ ಕಂಡಕ್ಟರ್‌ಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅವಳ ಹೆಸರು ಗೊತ್ತಿಲ್ಲ. ನನ್ನ ಮಟ್ಟಿಗೆ ಅವಳೇ ಕಾಲ್ಮಾನ್.

ಪೆಶ್ತ್‌ನಲ್ಲಿ ಇಳಿದು ಟ್ರಾಮ್ ಹಿಡಿದು ಹೋದೆವು. ಮಾರ್ಗಿತ್ ನೇನಿಯ ಮನೆ ನಮ್ಮದರಂಥದ್ದೇ ಹತ್ತು ಮಹಡಿಯ ಕಟ್ಟಡದಲ್ಲಿತ್ತು. ಅಷ್ಟು ದೂರ ಬಂದು ಮತ್ತೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತ ಹಾಗೆ. ಕೆಳಬಾಗಿಲಿನಲ್ಲಿ ಹೆಸರುಗಳ ಸಾಲು, ಪ್ರತಿ ಹೆಸರಿಗೂ ಒಂದು ಗುಂಡಿ. ನೇನಿ ಬೆರಳು ಎತ್ತಿ ಇಳಿಸಿದರು, ಮತ್ತೆ ಎತ್ತಿ ಒತ್ತಿದರು.

"ಯಾರು?" ಎಂದಿತು ಗುಂಡಿಗಳ ಪಕ್ಕದ ಸ್ಪೀಕರಿನೊಳಗಿನ ಧ್ವನಿ. ಎತೆಲ್ಕಾ ನೇನಿಯ ಧ್ವನಿಯೇ, ಸ್ವಲ್ಪ ಹಳೆಯದು.

"ನಾನು."

"ಯಾವ ನಾನು?"

"ಎತೆಲ್ಕಾ."

ಮೇಲಿನಿಂದ ಬೀಗ ತೆರೆಯುವ ಗುಂಯ್ ಎನ್ನುವ ಸದ್ದು ಬರಲಿಲ್ಲ. ಕಾದೆವು. ನೇನಿಯ ಮುಖ ನೋಡುವ ಧೈರ್ಯವಾಗದೆ ನಾನು ಹೂವು ಎಣಿಸಿದೆ, ಬೆಸವೇ ಇತ್ತು. ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಒಬ್ಬ ಹೊರಗೆ ಬಂದ. ಕೋಟು, ಹೂವು, ಕೇಕು ನೋಡಿ, ಹೆಸರಿನ ದಿನದವರೆಂದು ತಿಳಿದು ಬಾಗಿಲು ಹಿಡಿದು ನಿಂತ. "ಬನ್ನಿ, ಬನ್ನಿ." ನಾನು ನೇನಿಯನ್ನು ಒಳಗೆ ನೂಕಿದೆ ಎಂದೇ ಹೇಳಬೇಕು.

ಮೇಲೆ ಹೋದಾಗ ಬಾಗಿಲು ತೆರೆದಿತ್ತು, ಆದರೆ ಸರಪಳಿ ಬಿಡುವಷ್ಟು ಸಂದು ಮಾತ್ರ. ಆ ಸಂದಿಯಲ್ಲಿ ತೆಳ್ಳಗಿನ ಮುದುಕಿ. ಅಡುಗೆಯ ಏಪ್ರನ್, ಕೂದಲಲ್ಲಿ ಗುಂಗುರು ಮಾಡುವ ಸುರುಳಿಗಳು. ಒಳಗಿನಿಂದ ಹಬ್ಬದ ತಿಂಡಿಯ ವಾಸನೆ ಬರಲಿಲ್ಲ, ಬೇಯಿಸಿದ ಕೋಸಿನ ವಾಸನೆ ಬಂತು. ಮೇಜಿನ ಮೇಲೆ ಗ್ಲಾಸುಗಳಿರಲಿಲ್ಲ, ಬಂದುಹೋದ ಯಾರ ಹೂವೂ ಇರಲಿಲ್ಲ.

ನೇನಿ ತಾಲೀಮಿನಂತೆಯೇ ಶುರುಮಾಡಿದರು. "ಮಾರ್ಗಿತ್, ನಿನ್ನ ಹೆಸರಿನ ದಿನಕ್ಕೆ ಶುಭಾಶಯ. ದೇವರು ನಿನಗೆ ಆರೋಗ್ಯ ಕೊಡ್ಲಿ."

"ಇವತ್ತಲ್ಲ," ಎಂದರು ಮಾರ್ಗಿತ್ ನೇನಿ.

"ಏನು ಇವತ್ತಲ್ಲ?"

"ನನ್ನ ದಿನ. ನಾನು ಈಗ ಜನವರಿಯಲ್ಲಿ ಮಾಡ್ತೀನಿ, ಹಳೇ ಕಾಲದ ನಮ್ಮ ರಾಜನ ಮಗಳು ಸಂತ ಮಾರ್ಗಿತ್ ಇದಾಳಲ್ಲ, ಅವಳ ದಿನ. ಯಜಮಾನ್ರು ಹೋದ್ಮೇಲೆ ಅವರ ಕ್ಯಾಥೊಲಿಕ್ ಚರ್ಚಿಗೆ ಹೋಗ್ತಾ ಇದೀನಿ. ಅಲ್ಲಿ ಎಲ್ರೂ ಜನವರಿಗೇ ಬರ್ತಾರೆ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಂದೇ ಹೆಸರಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ದಿನ ಇರುತ್ತದೆ, ಯಾವುದನ್ನು ಆಚರಿಸಬೇಕೆಂಬುದು ಹೆಸರಿನವರ ಇಷ್ಟ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸಂತರನ್ನು ಪೂಜಿಸದ ದೆಬ್ರೆತ್ಸೆನ್ನಿನ ಕಾಲ್ವಿನ್ ಪಂಥದವರ ನಡುವೆ ಇದ್ದು ಇದ್ದು, ಕ್ಯಾಥೊಲಿಕ್ ಸಂತರ ಲೆಕ್ಕ ಇಬ್ಬರಿಗೂ ಮರೆತೇಹೋಗಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಚ್ಚಾದದ್ದೇ ವೇದ ಎಂದುಕೊಂಡಿದ್ದೆವು. ಈಗ ನೋಡಿದರೆ ಇದು ಬರೀ ಒಂದು ದಿನ. ಇವತ್ತು ಬಾಗಿಲು ತೆರೆಯಲೇಬೇಕು ಎಂಬ ಕಟ್ಟುಪಾಡು ಯಾರಿಗೂ ಇಲ್ಲ. ಕರೆಯದೆ ಬಂದವರು ಕರೆಯದೆ ಬಂದವರೇ.

"ನೀನು ಜೂನಿಂದೇ ಮಾಡ್ತಿದ್ದೆ," ಎಂದರು ನಮ್ಮ ನೇನಿ. ಅವರ ಧ್ವನಿ ಸಣ್ಣದಾಗಿತ್ತು. ಹಾಗೆ ಆದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಾವು ಚಿಕ್ಕವರಿದ್ದಾಗ. ನಾನು ನಿನಗೆ ಗುಂಡಿ ಪೋಣಿಸಿ ಸರ ಮಾಡಿ ಕೊಟ್ಟಿದ್ದೆ."

"ಬದಲಾಗಿದ್ದು ನಿನಗೆ ಹೇಗೆ ಗೊತ್ತಾಗ್ಬೇಕು? ಬಂದಿದ್ರೆ ತಾನೆ." ಮಾರ್ಗಿತ್ ನೇನಿ ನನ್ನ ಕಡೆ ನೋಡಿದರು. "ಇವನ್ಯಾರು?"

"ನನ್ನ ಕೋಣೇಲಿ ಇರೋನು. ಫೋನಿಗೆ ಗಾಜು ಅಂಟಿಸ್ತಾನೆ."

"ಕೋಟು ಚೆನ್ನಾಗಿದೆ," ಎಂದರು ಮಾರ್ಗಿತ್ ನೇನಿ, ತಡೆಯಲಾರದವರಂತೆ. ಕಣ್ಣು ನನ್ನ ತೋಳಿನ ಹೊಲಿಗೆಯ ಮೇಲೆ ನಿಂತಿತ್ತು. ಈ ಹೊಲಿಗೆಯನ್ನು ನಮ್ಮ ನೇನಿಯ ಕೈಗೆ ಕಲಿಸಿದವರು ಅವರೇ. ಆ ಗಳಿಗೆಯಲ್ಲಿ ನನಗೆ ತಿಳಿಯಿತು, ನನ್ನ ನೌಕರಿಗೂ ನಾನು ಈ ಮುದುಕಿಗೆ ಋಣಿ ಎಂದು. ಹೇಳೋಣವೆಂದು ಬಾಯಿ ತೆರೆದೆ, ಆದರೆ ಮಾತಾಡುವ ಸರದಿ ನನ್ನದಾಗಿರಲಿಲ್ಲ.

ಮಾರ್ಗಿತ್ ನೇನಿಯ ಕೈ ಸರಪಳಿಯ ಮೇಲಿತ್ತು. ತೆಗೆಯಬೇಕೋ ಬಿಗಿಯಬೇಕೋ ತಿಳಿಯದೆ ಅಲ್ಲೇ ನಿಂತಿತ್ತು.

"ಇವತ್ತು ನನ್ನ ದಿನಾನೂ ಅಲ್ಲ," ಎಂದರು ಮೆಲ್ಲಗೆ. "ನಾನು ಕರೆದೂ ಇಲ್ಲ. ಇಷ್ಟು ವರ್ಷ ಆದ್ಮೇಲೆ ಮತ್ತೆ ಯಾಕೆ ಬಂದೆ?"

ತುಳಿಯಲು ನಾನು ಕಾಲು ಸಿದ್ಧಮಾಡಿಕೊಂಡೆ. ಎತೆಲ್ಕಾ ನೇನಿ ಹೂವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು.

"ನನ್ನನ್ನ ಸಾಕಿದ್ದಕ್ಕೆ ನಿನಗೆ ಒಂದ್ಸಲಾನೂ ಧನ್ಯವಾದ ಹೇಳಿರ್ಲಿಲ್ಲ, ಹೇಳೋಕೆ ಬಂದೆ. ಅಳಿಯನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಸರಿ. ಈಗ ಸರಪಳಿ ತೆಗಿ, ಕಾಲು ನೋಯ್ತಾ ಇದೆ."